ಮೆಜೆಸ್ಟಿಕ್–ಕಾಡುಗೋಡಿ ಬಸ್ ಮಾರ್ಗ ಮತ್ತು ಅದರ ವೇಳಾಪಟ್ಟಿ: ಒಂದು ಚಾರಿತ್ರಿಕ ಅವಲೋಕನ

ಬೆಂಗಳೂರಿನ ಇತಿಹಾಸ ರಚನೆಗೆ ಶಾಸನಗಳು, ಗೆಜೆಟಿಯರುಗಳು, ಪುರಸಭೆಯ ಕಡತಗಳು ಮತ್ತು ಹಳೆಯ ನಕ್ಷೆಗಳು ಮುಖ್ಯ ಆಕರಗಳಾಗಿ ಬಳಕೆಯಾಗಿವೆ. ಕ್ರಿ.ಶ. ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿರುವುದು ವಿದ್ವಾಂಸರಿಗೆಲ್ಲ ತಿಳಿದಿದೆ. ಆದರೆ ಕಳೆದ ಎಂಟು ದಶಕಗಳಲ್ಲಿ ಈ ನಗರವು ತನ್ನ ಸುತ್ತಲಿನ ಹಳ್ಳಿಗಳನ್ನು ಒಂದೊಂದಾಗಿ ಒಳಗೊಂಡ ಬಗೆಯನ್ನು ಅರಿಯಲು ಇವು ಸಾಲುವುದಿಲ್ಲ. ಆ ಕಾಲಕ್ಕೆ ಸಂಬಂಧಿಸಿದಂತೆ ಇನ್ನೊಂದು ಬಗೆಯ ದಾಖಲೆಯಿದೆ. ಅದು ನಗರ ಸಾರಿಗೆಯ ವೇಳಾಪಟ್ಟಿ. ಯಾವ ಊರಿಗೆ ದಿನಕ್ಕೆ ಎಷ್ಟು ಬಸ್ಸು, ಮೊದಲನೆಯದು ಎಷ್ಟು ಹೊತ್ತಿಗೆ, ಕಡೆಯದು ಎಷ್ಟು ಹೊತ್ತಿಗೆ ಎಂಬ ವಿವರಗಳಲ್ಲಿ ಆ ಊರು ನಗರಕ್ಕೆ ಎಷ್ಟು ಹತ್ತಿರವಾಗಿತ್ತೆಂಬ ಲೆಕ್ಕ ಅಡಗಿದೆ. ಶಾಸನವನ್ನು ಕೊರೆಸಿದವರಿಗೆ ಅದು ಆಚಂದ್ರಾರ್ಕವಾಗಿ ಉಳಿಯಬೇಕೆಂಬ ಇಚ್ಛೆಯಿತ್ತು. ವೇಳಾಪಟ್ಟಿಯನ್ನು ಸಿದ್ಧಪಡಿಸಿದವರಿಗೆ ಅದು ಮುಂದಿನ ಪರಿಷ್ಕರಣೆಯವರೆಗೆ ಬಾಳಿದರೆ ಸಾಕಾಗಿತ್ತು. ಹೊಸದು ಬಂದೊಡನೆ ಹಳೆಯದು ರದ್ದಿಗೆ ಸೇರುತ್ತದೆ. ಈ ಹಿನ್ನೆಲೆಯಲ್ಲಿ ಕೆಂಪೇಗೌಡ ಬಸ್ ನಿಲ್ದಾಣದಿಂದ ಹಳೆಯ ವಿಮಾನ ನಿಲ್ದಾಣ ರಸ್ತೆಯ ಮೂಲಕ ಕಾಡುಗೋಡಿಗೆ ಹೋಗುವ 335-ಇ ಮಾರ್ಗವನ್ನು ನಿದರ್ಶನವಾಗಿ ಇಟ್ಟುಕೊಂಡು, ವೇಳಾಪಟ್ಟಿಯನ್ನು ಚಾರಿತ್ರಿಕ ದಾಖಲೆಯಾಗಿ ಓದುವ ಪ್ರಯತ್ನ ಇಲ್ಲಿದೆ.

ನಗರ ಸಾರಿಗೆಯ ಆಡಳಿತ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆ ಆರಂಭವಾಯಿತು. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡ ಮೇಲೆ ಅದು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವೀಸ್ ಆಯಿತು, ಬಿ.ಟಿ.ಎಸ್. ಎಂಬ ಹೆಸರು ಹಿರಿಯರ ಮಾತಿನಲ್ಲಿ ಬಹುಕಾಲ ಉಳಿಯಿತು. 1961ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಗಿ ಈ ಸೇವೆ ಅದರ ಅಂಗವಾಯಿತು. 1997ರ ಆಗಸ್ಟ್ 15ರಂದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಪ್ರತ್ಯೇಕಗೊಂಡಿತು. ಇದೇ ಅವಧಿಯ ಜನಗಣತಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. 1941ರಲ್ಲಿ ನಾಲ್ಕು ಲಕ್ಷದಷ್ಟಿದ್ದ ನಗರದ ಜನಸಂಖ್ಯೆ 1951ಕ್ಕೆ ಎಂಟು ಲಕ್ಷದ ಸಮೀಪಕ್ಕೆ ಬಂದಿತ್ತು. ಒಂದೇ ದಶಕದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾದ ಊರಿನಲ್ಲಿ ಜಟಕಾ ಮತ್ತು ಸೈಕಲ್ಲುಗಳು ಮಾತ್ರ ಸಾಲುವಂತಿರಲಿಲ್ಲ.

ವೇಳಾಪಟ್ಟಿಯು ಸಾರಿಗೆ ಸಂಸ್ಥೆಯ ಒಳಬಳಕೆಯ ಕಾಗದವೆಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. 1939ರ ಮೋಟಾರು ವಾಹನ ಕಾಯ್ದೆಯೇ ಪ್ರಯಾಣಿಕ ವಾಹನದ ಪರವಾನಗಿ ಕೋರುವವರು ಮಾರ್ಗದೊಡನೆ ವೇಳಾಪಟ್ಟಿಯನ್ನೂ ಸಲ್ಲಿಸಬೇಕೆಂದಿತ್ತು. 1988ರ ಕಾಯ್ದೆಯ 70ನೆಯ ಕಲಂ ಇದನ್ನು ಮುಂದುವರಿಸಿ, ದಿನದ ಕನಿಷ್ಠ ಮತ್ತು ಗರಿಷ್ಠ ಸುತ್ತುಗಳ ಸಂಖ್ಯೆಯನ್ನೂ ಕೇಳುತ್ತದೆ. 72ನೆಯ ಕಲಂ ವಿಧಿಸಬಹುದಾದ ಷರತ್ತುಗಳಲ್ಲಿ ಎರಡು ಗಮನಾರ್ಹವಾಗಿವೆ. ಅನುಮೋದಿತ ವೇಳೆಯಿಂದ ವಾಹನವು ಎಷ್ಟು ಮಟ್ಟಿಗೆ ಆಚೀಚೆ ಆಗಬಹುದೆಂಬ ಮಿತಿಯನ್ನು ಪ್ರಾಧಿಕಾರ ಗೊತ್ತುಪಡಿಸಬಹುದು. ದರಪಟ್ಟಿಯನ್ನೋ ವೇಳಾಪಟ್ಟಿಯನ್ನೋ ವಾಹನದಲ್ಲಿ ಮತ್ತು ನಿಗದಿತ ನಿಲ್ದಾಣಗಳಲ್ಲಿ ತೂಗುಹಾಕಬೇಕೆನ್ನಬಹುದು. ಅಂದರೆ ಶಾಸನಸಭೆಯ ದೃಷ್ಟಿಯಲ್ಲಿ ವೇಳಾಪಟ್ಟಿಯು ಪ್ರಯಾಣಿಕನಿಗೆ ಬರವಣಿಗೆಯಲ್ಲಿ ಕೊಟ್ಟ ವಚನ. ನಿಲ್ದಾಣದಲ್ಲಿ ಕಾದು ನಿಂತವನು ಬಸ್ಸು ತಡವಾಯಿತೆಂದು ಹೇಳಬೇಕಾದರೆ ಅದು ಯಾವಾಗ ಬರಬೇಕಾಗಿತ್ತೆಂಬುದು ಮೊದಲು ಎಲ್ಲಾದರೂ ಬರೆದಿರಬೇಕು.

ಮಾರ್ಗದ ಸಂಖ್ಯೆಯಲ್ಲಿಯೇ ಸ್ವಲ್ಪ ಇತಿಹಾಸವಿದೆ. ಬೆಂಗಳೂರಿನ ಮೂರಂಕಿಯ ಸಂಖ್ಯೆಗಳು ಸ್ಥೂಲವಾಗಿ ದಿಕ್ಕನ್ನು ಸೂಚಿಸುತ್ತವೆ. 330ರ ಆಸುಪಾಸಿನವು ಎಚ್.ಎ.ಎಲ್. ಮತ್ತು ವೈಟ್‌ಫೀಲ್ಡ್ ಕಡೆಗೆ, 356 ಹೊಸೂರು ರಸ್ತೆಗೆ, 365 ಬನ್ನೇರುಘಟ್ಟಕ್ಕೆ, 500 ಹೊರವರ್ತುಲ ರಸ್ತೆಗೆ ಸೇರಿದವು. ಮೂಲ ಸಂಖ್ಯೆಗೆ ಅಕ್ಷರವೊಂದು ಸೇರಿದಾಗ ಮಾರ್ಗವು ಬೇರೊಂದು ಊರಿಗೆ ಕವಲೊಡೆದಿದೆ ಅಥವಾ ಮುಂದಿನ ಊರಿಗೆ ಚಾಚಿದೆ ಎಂದು ತಿಳಿಯಬೇಕು. ಓದು ಬಾರದ ಪ್ರಯಾಣಿಕರೂ ಈ ಸಂಖ್ಯೆಗಳನ್ನು ಆಕಾರದಿಂದ ಗುರುತಿಸುತ್ತಾರೆ.

ಬಸ್ಸು ಹೊರಡುವ ಸ್ಥಳ ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳ. ಜನ ಇದನ್ನು ಕರೆಯುವುದು ಕೆಂಪೇಗೌಡರ ಹೆಸರಿನಿಂದಲೂ ಅಲ್ಲ, ಕೆರೆಯ ಹೆಸರಿನಿಂದಲೂ ಅಲ್ಲ. ಹತ್ತಿರದಲ್ಲಿದ್ದ ಒಂದು ಚಿತ್ರಮಂದಿರದ ಹೆಸರಿನಿಂದ. ಅಲ್ಲಿಂದ ಕಾರ್ಪೊರೇಷನ್, ರಿಚ್‌ಮಂಡ್ ವೃತ್ತ, ಮೇಯೋ ಹಾಲ್‌ಗಳ ಕಡೆಯಿಂದ ಬಸ್ಸು ಪೂರ್ವಕ್ಕೆ ಸಾಗುತ್ತದೆ. ರೆಸಿಡೆನ್ಸಿ ರಸ್ತೆ, ರಿಚ್‌ಮಂಡ್ ರಸ್ತೆಗಳಲ್ಲಿ ಏಕಮುಖ ಸಂಚಾರವಿರುವುದರಿಂದ ಹೋಗುವ ಹಾದಿ ಮತ್ತು ಬರುವ ಹಾದಿ ಇಲ್ಲಿ ಒಂದೇ ಅಲ್ಲ. ಹೊಸಬರು ಇಳಿದ ಕಡೆಯೇ ಹತ್ತಲು ಕಾದು ಕಷ್ಟಪಡುವುದುಂಟು. ಇಂದು ಯಾವ ಗುರುತೂ ಇಲ್ಲದೆ ದಾಟಿಹೋಗುವ ಒಂದು ಗಡಿ ಈ ಭಾಗದಲ್ಲಿತ್ತು. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದು 1947ರಲ್ಲಿ ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡಿನ ಪುರಸಭೆಗಳು ಒಂದಾಗಿ ನಗರ ಪಾಲಿಕೆಯಾಯಿತು. ಬಸ್ಸು ಅರ್ಧ ಗಂಟೆಯೊಳಗೆ ಎರಡು ಆಡಳಿತಗಳ ನೆಲವನ್ನು ಹಾದು ಮತ್ತೆ ಹಳೆಯ ಮೈಸೂರು ಸಂಸ್ಥಾನದ ಹಳ್ಳಿಗಾಡಿಗೆ ಬರುತ್ತದೆ.

ಆ ಹಳ್ಳಿಗಾಡೂ ಹೆಸರಿಗೆ ಮಾತ್ರ ಹಳ್ಳಿಗಾಡು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ 13ನೆಯ ಶತಮಾನದ ತಮಿಳು ಶಾಸನಗಳಿಂದ ಆ ಊರಿಗೆ ದೇಶಿಮಾಣಿಕ್ಕಪಟ್ಟಣ ಎಂಬ ಹೆಸರೂ ಇದ್ದುದು ವಿದಿತವಾಗುತ್ತದೆ. ಮಾರ್ಗದ ಇನ್ನೊಂದು ತುದಿಯಾದ ಕಾಡುಗೋಡಿಯ ಕಾಶಿವಿಶ್ವೇಶ್ವರ ದೇವಾಲಯದಲ್ಲಿ 11ನೆಯ ಶತಮಾನದ ಚೋಳರ ಕಾಲದ ಶಾಸನವಿದ್ದು, ಅದು ಪಟ್ಟಂದೂರಿನ ಕೆರೆಯ ನಿರ್ಮಾಣವನ್ನು ಹೇಳುತ್ತದೆ. ನಿರ್ವಾಹಕರು ಕೂಗಿ ಹೇಳುವ ನಿಲುಗಡೆಗಳಲ್ಲಿ ಹಲವು, ಅವರು ನಿಂತಿರುವ ರಸ್ತೆಗಿಂತ ಎಷ್ಟೋ ಹಳೆಯವು.

ದೊಮ್ಮಲೂರಿನಿಂದ ಮುಂದಿನ ರಸ್ತೆಗೆ ಅದರ ಇಂದಿನ ರೂಪ ಕೊಟ್ಟದ್ದು ವಿಮಾನ ಕಾರ್ಖಾನೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಇಲ್ಲಿ ಸ್ಥಾಪಿಸಿದರು. ನಗರದ ಬಸ್ ಕಂಪನಿಯೂ ವಿಮಾನ ಕಾರ್ಖಾನೆಯೂ ಒಂದೇ ವರ್ಷದ ಕೂಸುಗಳೆಂಬುದು ಕೇವಲ ಆಕಸ್ಮಿಕವಿರಬಹುದು. ಆದರೆ ಕಾರ್ಖಾನೆಯ ಪಾಳಿ ಮತ್ತು ಬಸ್ಸಿನ ವೇಳೆ ಒಂದನ್ನೊಂದು ಅವಲಂಬಿಸಿ ಬೆಳೆದುದು ಆಕಸ್ಮಿಕವಲ್ಲ. ಮಳೆ ಬೆಳೆಗಳ ಕಾಲಗಣನೆಗೆ ಒಗ್ಗಿದ್ದ ಊರುಗಳಲ್ಲಿ ಗಡಿಯಾರದ ಮುಳ್ಳಿಗೆ ಬೆಲೆ ಬಂದದ್ದು ಪಾಳಿಯಿಂದ. ಇದೇ ನೆಲದಲ್ಲಿದ್ದ ನಾಗರಿಕ ವಿಮಾನ ನಿಲ್ದಾಣ 2008ರ ಮೇ 24ರಂದು ದೇವನಹಳ್ಳಿಗೆ ಸ್ಥಳಾಂತರಗೊಂಡಿತು. ಅಂದಿನಿಂದ ಈ ರಸ್ತೆಯ ಹೆಸರಿಗೆ ‘ಹಳೆಯ’ ಎಂಬ ವಿಶೇಷಣ ಅಂಟಿಕೊಂಡಿತು. ಪ್ರಯಾಣಿಕರ ಗುಂಪು ಮಾತ್ರ ಕಡಿಮೆಯಾಗಲಿಲ್ಲ. ವಿಮಾನ ಏರುವವರು ಈ ಬಸ್ಸಿನ ಮುಖ್ಯ ಪ್ರಯಾಣಿಕರಾಗಿ ಯಾವತ್ತೂ ಇರಲಿಲ್ಲವೆಂಬುದೇ ಅದಕ್ಕೆ ಕಾರಣವಾಗಿರಬೇಕು.

ಮಾರತಹಳ್ಳಿ, ಕುಂದಲಹಳ್ಳಿ ಗೇಟುಗಳನ್ನು ದಾಟಿದ ಮೇಲೆ ಮಾರ್ಗ ಉತ್ತರಕ್ಕೆ ಹೊರಳಿ ತಂತ್ರಾಂಶ ಕಚೇರಿಗಳ ಪ್ರದೇಶವನ್ನು ಸೇರುತ್ತದೆ. 1990ರ ದಶಕದಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಇಲ್ಲಿ ಎದ್ದಿತು. 2001ರಲ್ಲಿ ಸತ್ಯಸಾಯಿ ಉಚಿತ ಚಿಕಿತ್ಸೆಯ ಆಸ್ಪತ್ರೆ ಆರಂಭವಾದ ಮೇಲೆ ದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿಯುವ ರೋಗಿಗಳಿಗೆ ಬೆಳಗಿನ ಮೊದಲ ಗಾಡಿಗಳು ಅಗತ್ಯವಾದವು. ಇವುಗಳಾಚೆಗಿನ ವೈಟ್‌ಫೀಲ್ಡ್‌ನ ಹುಟ್ಟು ಬೇರೆಯದೇ. 1882ರಲ್ಲಿ ಡಿ.ಎಸ್. ವೈಟ್ ಅವರ ನೇತೃತ್ವದ ಆಂಗ್ಲೋ-ಇಂಡಿಯನ್ ಸಂಘಕ್ಕೆ ಚಾಮರಾಜೇಂದ್ರ ಒಡೆಯರು 3,900 ಎಕರೆ ಭೂಮಿಯನ್ನು ಕೃಷಿ ವಸಾಹತಿಗಾಗಿ ನೀಡಿದರು. ನಗರದಿಂದ ದೂರವಿರುವುದೇ ಆ ವಸಾಹತಿನ ಉದ್ದೇಶವಾಗಿತ್ತು. ಅಲ್ಲಿನವರಿಗೆ ಹೊರಜಗತ್ತಿನ ಸಂಪರ್ಕವಾಗಿದ್ದುದು ಕಾಡುಗೋಡಿಯ ಬಳಿಯ ರೈಲು ನಿಲ್ದಾಣ.

ಈ ಪ್ರದೇಶ ಆಡಳಿತಾತ್ಮಕವಾಗಿ ಬೆಂಗಳೂರಿನೊಳಗೆ ಬಂದದ್ದು 2007ರಲ್ಲಿ. ಆ ವರ್ಷ ಮಹದೇವಪುರವೂ ಸೇರಿದಂತೆ 7 ನಗರಸಭೆಗಳು, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 2025ರಲ್ಲಿ ಆ ಪಾಲಿಕೆಯ ಬದಲಿಗೆ ಐದು ಪಾಲಿಕೆಗಳಾದವು. ನಗರ ಸಾರಿಗೆಯ ಬಸ್ಸು 2007ಕ್ಕೆ ಮೊದಲೇ ಇಲ್ಲಿಗೆ ಓಡುತ್ತಿತ್ತು. ಆದುದರಿಂದ ನಗರದ ಮೇರೆಯನ್ನು ಸರ್ಕಾರಿ ಅಧಿಸೂಚನೆಗಳಿಂದ ಮಾತ್ರ ಗುರುತಿಸುವ ರೂಢಿ ಪುನರ್ವಿಮರ್ಶೆಗೆ ಅರ್ಹವಾಗಿದೆ. ಬೆಳಿಗ್ಗೆ ಹೊರಟು ಸಂಜೆ ಮನೆಗೆ ಮರಳಲು ಸಾಧ್ಯವಾಗುವಷ್ಟು ಬಸ್ಸುಗಳು ಯಾವ ಊರಿಗಿದ್ದವೋ ಆ ಊರು ಆಗಲೇ ನಗರದ್ದಾಗಿತ್ತು.

ಇನ್ನು ವೇಳಾಪಟ್ಟಿಯನ್ನು ಓದುವ ಕ್ರಮ. ಘಟಕದಲ್ಲಿ ಒಂದು ಬಸ್ಸಿನ ಇಡೀ ದಿನದ ಕೆಲಸಕ್ಕೆ ಷೆಡ್ಯೂಲ್ ಎಂದೂ ಅದರೊಳಗಿನ ಒಂದೊಂದು ಓಟಕ್ಕೆ ಟ್ರಿಪ್ ಎಂದೂ ಹೆಸರು. ಘಟಕದಿಂದ ಮೊದಲ ನಿಲ್ದಾಣದವರೆಗೆ ಬರಿದಾಗಿ ಓಡುವ ದೂರ ಸಂಸ್ಥೆಗೆ ನಷ್ಟ. ಆದ್ದರಿಂದ ಬೆಳಗಿನ ಮೊದಲ ಬಸ್ಸು ಎಲ್ಲಿಂದ ಹೊರಡುತ್ತದೆಂಬುದನ್ನು ಪ್ರಯಾಣಿಕರ ಬೇಡಿಕೆಯಷ್ಟೇ ಘಟಕದ ಸ್ಥಳವೂ ನಿರ್ಧರಿಸುತ್ತದೆ. ಹೊರವಲಯದ ಊರುಗಳಿಗೆ ‘ನೈಟ್ ಔಟ್’ ಷೆಡ್ಯೂಲುಗಳಿರುತ್ತವೆ. ರಾತ್ರಿಯ ಕಡೆಯ ಬಸ್ಸು ಊರಿನಲ್ಲೇ ತಂಗಿ, ಚಾಲಕ ನಿರ್ವಾಹಕರು ಅಲ್ಲಿಯೇ ಮಲಗಿ, ಬೆಳಗಿನ ಜಾವ ಅದೇ ಬಸ್ಸು ಮೊದಲ ಗಾಡಿಯಾಗಿ ಹೊರಡುತ್ತದೆ. ಪಟ್ಟಿಯಲ್ಲಿ ಇದು ಎರಡು ಅಂಕಿಗಳಷ್ಟೆ. ಆದರೆ ಮಾರುಕಟ್ಟೆಗೆ ಸೊಪ್ಪು ತರಕಾರಿ ಒಯ್ಯುವವರಿಗೂ ನಸುಕಿನಲ್ಲಿ ಕಚೇರಿ ಗುಡಿಸುವವರಿಗೂ ಈ ಎರಡು ಅಂಕಿಗಳ ನಡುವಿನ ಅವಧಿಯೇ ರಾತ್ರಿ. ಒಂದು ಊರಿನ ನೈಟ್ ಔಟ್ ರದ್ದಾದರೆ ಅಲ್ಲಿನ ಕೆಲವರ ಕೆಲಸವೂ ಹೋಗುತ್ತದೆ. ಅದರ ದಾಖಲೆ ಯಾವ ಕಡತದಲ್ಲಿಯೂ ಸಿಗುವುದಿಲ್ಲ.

ಪಟ್ಟಿಯಲ್ಲಿ ಕಾಣದ ಮತ್ತೊಂದು ಸಂಗತಿಯನ್ನು ಲೆಕ್ಕದಿಂದ ಮಾತ್ರ ತಿಳಿಯಬಹುದು. ಸುಮಾರು 25 ಕಿ.ಮೀ. ಉದ್ದದ ಮಾರ್ಗದಲ್ಲಿ ಹೋಗಿಬರಲು, ವಿರಾಮವೂ ಸೇರಿ, 4 ಗಂಟೆ ಬೇಕೆಂದು ಭಾವಿಸಿದರೆ 10 ನಿಮಿಷಕ್ಕೊಂದು ಬಸ್ಸು ಬಿಡಲು 24 ಬಸ್ಸುಗಳು ಸಾಕು. ವಾಹನದಟ್ಟಣೆಯಿಂದ ಅದೇ ಓಟಕ್ಕೆ 5 ಗಂಟೆ ಹಿಡಿದರೆ 30 ಬಸ್ಸುಗಳು ಬೇಕು. ಬಸ್ಸುಗಳ ಸಂಖ್ಯೆ ಹೆಚ್ಚದಿದ್ದರೆ ಅಂತರ 12 ನಿಮಿಷ 30 ಸೆಕೆಂಡುಗಳಿಗೆ ಏರುತ್ತದೆ. ಸಂಸ್ಥೆ ಒಂದು ಬಸ್ಸನ್ನೂ ಹಿಂತೆಗೆಯದೆ ಸೇವೆ ಕ್ಷೀಣಿಸಿರುತ್ತದೆ. ಆ ಅಂತರವೂ ಸಮನಾಗಿ ಉಳಿಯುವುದಿಲ್ಲ. ಸ್ವಲ್ಪ ತಡವಾದ ಬಸ್ಸಿಗೆ ಪ್ರತಿ ನಿಲುಗಡೆಯಲ್ಲಿಯೂ ಹೆಚ್ಚು ಜನ ಕಾದಿರುತ್ತಾರೆ, ಅವರನ್ನು ಹತ್ತಿಸಿಕೊಂಡು ಅದು ಇನ್ನಷ್ಟು ತಡವಾಗುತ್ತದೆ, ಹಿಂದಿನ ಬಸ್ಸು ಖಾಲಿಯಾಗಿ ಬಂದು ಅದನ್ನು ಮುಟ್ಟುತ್ತದೆ. ಅರ್ಧ ಗಂಟೆ ಕಾದ ಮೇಲೆ ಮೂರು ಬಸ್ಸುಗಳು ಒಟ್ಟಿಗೆ ಬಂದವೆಂಬ ದೂರಿಗೆ ಸಿಬ್ಬಂದಿಯ ಉದಾಸೀನವೇ ಕಾರಣವೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ.

ಸುಮಾರು 2006ರಿಂದ ವಜ್ರ ಹೆಸರಿನ ಹವಾನಿಯಂತ್ರಿತ ಬಸ್ಸುಗಳು ಬಂದು, ಅವು ವಿ-335-ಇ ಎಂಬ ಸಂಖ್ಯೆಯಲ್ಲಿ ಇದೇ ಮಾರ್ಗದಲ್ಲಿ ಓಡಿದವು. ಒಂದೇ ರಸ್ತೆಯ ಪ್ರಯಾಣಿಕರು ಟಿಕೆಟ್ಟಿನ ದರಕ್ಕೆ ಅನುಗುಣವಾಗಿ ಎರಡು ಪಟ್ಟಿಗಳಾಗಿ ಬೇರ್ಪಟ್ಟರು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡಿತು. ಹವಾನಿಯಂತ್ರಿತ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ 2023ರ ನಂತರದ ಯಾವುದೇ ಅಧ್ಯಯನವು ಎರಡು ಬಗೆಯ ಬಸ್ಸುಗಳ ಸುತ್ತುಗಳನ್ನು ಕೂಡಿಸಿ ಎಣಿಸಿದರೆ ದಾರಿ ತಪ್ಪುತ್ತದೆ. ಒಂದು ನಿಲ್ದಾಣದಲ್ಲಿ ಗಂಟೆಗೆ ಎಷ್ಟು ಬಸ್ಸು ಬರುತ್ತದೆಂಬ ಪ್ರಶ್ನೆಗೆ ಮನೆಗೆಲಸದ ಹೆಂಗಸಿಗೆ ಒಂದು ಉತ್ತರ, ತಂತ್ರಾಂಶ ನೌಕರನಿಗೆ ಇನ್ನೊಂದು ಉತ್ತರ.

2016ರಲ್ಲಿ ಬಸ್ಸುಗಳ ಚಲನೆಯನ್ನು ಉಪಗ್ರಹದ ನೆರವಿನಿಂದ ಗುರುತಿಸುವ ವ್ಯವಸ್ಥೆ ಬಂದಿತು, 2023ರಲ್ಲಿ ನಮ್ಮ ಬಿಎಂಟಿಸಿ ಎಂಬ ಮೊಬೈಲ್ ತಂತ್ರಾಂಶವೂ ಬಂದಿತು. ಕಾಯುವವರಿಗೆ ಇದರಿಂದ ಉಪಕಾರವಾಗಿದೆ. ಆದರೆ ಪರದೆಯ ಮೇಲೆ ಕಾಣುವುದು ಬರುತ್ತಿರುವ ಬಸ್ಸು. ಬರಬೇಕಾಗಿದ್ದ ಬಸ್ಸು ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಮೊದಲನೆಯದು ಎರಡನೆಯದರ ಸ್ಥಾನವನ್ನು ಆಕ್ರಮಿಸಿದಾಗ ವಿಳಂಬವೆಂಬುದು ಅಳತೆಗೆ ಸಿಗದೆ ಹೋಗುತ್ತದೆ. ಘಟಕಗಳಲ್ಲಿನ ಹಳೆಯ ಷೆಡ್ಯೂಲ್ ಹಾಳೆಗಳನ್ನೂ ನಿರ್ವಾಹಕರು ತುಂಬಿಸಿದ ವೇ ಬಿಲ್ಲುಗಳನ್ನೂ ಮಾದರಿಗಾಗಿಯಾದರೂ ಪತ್ರಾಗಾರಕ್ಕೆ ಸೇರಿಸುವ ಕೆಲಸ ಆಗಬೇಕಾಗಿದೆ. ಮೊದಲನೆಯದರಲ್ಲಿ ಕೊಟ್ಟ ಮಾತಿದೆ, ಎರಡನೆಯದರಲ್ಲಿ ನಿಲುಗಡೆ ನಿಲುಗಡೆಗೂ ಹತ್ತಿದವರ ಲೆಕ್ಕವಿದೆ.

2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೃಷ್ಣರಾಜಪುರಗಳ ನಡುವಿನ ಮೆಟ್ರೊ ಕೂಡಿಕೊಂಡು ಮೆಜೆಸ್ಟಿಕ್‌ನಿಂದ ಕಾಡುಗೋಡಿಯವರೆಗೆ ನೇರಳೆ ಮಾರ್ಗ ಅಖಂಡವಾಯಿತು. ಬಸ್ ಮಾರ್ಗದ ಎರಡು ತುದಿಗಳೂ ಹೀಗೆ ರೈಲಿಗೆ ಸಿಕ್ಕವು. ಆದರೆ ಮೆಟ್ರೊ ಹಾದುಹೋಗುವುದು ಇಂದಿರಾನಗರ, ಕೃಷ್ಣರಾಜಪುರಗಳ ಮೇಲೆ. ದೊಮ್ಮಲೂರು, ಮುರುಗೇಶಪಾಳ್ಯ, ಎಚ್.ಎ.ಎಲ್., ಮಾರತಹಳ್ಳಿಗಳು ಅದರ ಹಾದಿಯಲ್ಲಿಲ್ಲ. ತುದಿಯಿಂದ ತುದಿಗೆ ಹೋಗುವವರು ರೈಲು ಹತ್ತಬಹುದು, ನಡುವಿನವರು ಬಸ್ಸನ್ನೇ ಕಾಯಬೇಕು. ಸಾರಿಗೆಯ ವೇಳಾಪಟ್ಟಿಯಲ್ಲಿ ವೇಳೆ ನಮೂದಾಗುವುದು ಎರಡು ತುದಿಗಳಿಂದ ಹೊರಡುವ ಹೊತ್ತಿಗೆ ಮಾತ್ರ. ಮುರುಗೇಶಪಾಳ್ಯಕ್ಕೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಅದು ಹೇಳುವುದಿಲ್ಲ. ‘ಎಂಟೂಕಾಲಿನ ಗಾಡಿ’ ಎಂದು ಅಲ್ಲಿನವರು ಆಡಿಕೊಳ್ಳುವುದು ದಿನವೂ ನಿಂತು ಕಂಡುಕೊಂಡ ವೇಳೆ.