ಮರಗಳ ಆರೋಗ್ಯ ರಕ್ಷಣೆಯಲ್ಲಿ ಬೇರು ಶಿಲೀಂಧ್ರಗಳ ಪಾತ್ರ

ಪೀಠಿಕೆ

ಮಣ್ಣಿನಲ್ಲಿರುವ ಕೆಲವು ಶಿಲೀಂಧ್ರಗಳು ಮರದ ಬೇರಿನೊಂದಿಗೆ ಸಹಜೀವನ ನಡೆಸುತ್ತವೆ. ಇಂತಹ ಶಿಲೀಂಧ್ರಯುಕ್ತ ಬೇರಿಗೆ ಜರ್ಮನಿಯ ವಿಜ್ಞಾನಿ ಎ.ಬಿ. ಫ್ರಾಂಕ್ ಅವರು 1885ರಲ್ಲಿ ಮೈಕೊರೈಜಾ ಎಂದು ಹೆಸರಿಟ್ಟರು. ಬೇವು, ಹುಣಸೆ, ಹೊಂಗೆ ಮುಂತಾದ ಮರಗಳ ಬೇರಿನಲ್ಲಿರುವ ಬಗೆಯು ರೈತರಿಗೆ 'ವ್ಯಾಮ್' ಎಂಬ ಹೆಸರಿನಲ್ಲಿ ಪರಿಚಿತವಾಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಅವರು ಈ ವಿಷಯದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ.

ಕಾರ್ಯವಿಧಾನ

ಬೇರು ತಲುಪಲಾಗದ ಸೂಕ್ಷ್ಮ ಸಂದುಗಳಿಗೂ ಶಿಲೀಂಧ್ರದ ಎಳೆಗಳು ಹರಡಿ ರಂಜಕ, ಸತು ಹಾಗೂ ನೀರನ್ನು ಒದಗಿಸುತ್ತವೆ. ಪ್ರತಿಯಾಗಿ ಮರವು ಎಲೆಗಳಲ್ಲಿ ತಯಾರಿಸಿದ ಆಹಾರದ ಒಂದು ಪಾಲನ್ನು ನೀಡುತ್ತದೆ. ಬೇರಿನಲ್ಲಿ ಈ ಶಿಲೀಂಧ್ರಗಳು ಮೊದಲೇ ನೆಲೆಸಿದ್ದಲ್ಲಿ ಬೇರು ಕೊಳೆ ರೋಗಾಣುಗಳಿಗೂ ಜಂತುಹುಳುಗಳಿಗೂ ಸ್ಥಳ ಮತ್ತು ಆಹಾರ ಕಡಿಮೆಯಾಗುತ್ತದೆ. ಸಸ್ಯದ ಸ್ವಂತ ರಕ್ಷಣಾ ಶಕ್ತಿಯೂ ಚುರುಕುಗೊಳ್ಳುತ್ತದೆ.

ಶಕ್ತಿನಗರ ಪರಿಸರದಲ್ಲಿ ಇದರ ಮಹತ್ವ

ಕೃಷ್ಣಾ ನದಿ ತೀರದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕವು 1985ರಲ್ಲಿ ಕಾರ್ಯಾರಂಭ ಮಾಡಿತು. ಕಲ್ಲಿದ್ದಲು ಉರಿದ ನಂತರ ಉಳಿಯುವ ಹಾರುಬೂದಿಯಲ್ಲಿ ಸಾರಜನಕ, ಸಾವಯವ ಅಂಶ ಹಾಗೂ ಜೀವಾಣುಗಳು ಅತ್ಯಲ್ಪ. ಸುತ್ತಲಿನ ಸುಣ್ಣಯುಕ್ತ ಕಪ್ಪು ಮಣ್ಣಿನಲ್ಲಿ ರಂಜಕವಿದ್ದರೂ ಅದು ಬೇರಿಗೆ ಸುಲಭವಾಗಿ ದೊರೆಯುವುದಿಲ್ಲ. ಇಂತಹ ನೆಲದಲ್ಲಿ ನೆಟ್ಟ ಸಸಿಯು ಬೇಸಿಗೆಯಲ್ಲಿ ಸೊರಗಿ, ರೋಗಕ್ಕೆ ಬೇಗನೆ ತುತ್ತಾಗುವ ಸಂಭವವಿರುತ್ತದೆ. ದೆಹಲಿಯ ಬದರ್‌ಪುರ (2018ರಲ್ಲಿ ಮುಚ್ಚಲಾಗಿದೆ) ಹಾಗೂ ಛತ್ತೀಸ್‌ಗಢದ ಕೊರ್ಬಾ ವಿದ್ಯುತ್ ಕೇಂದ್ರಗಳ ಬೂದಿ ಪ್ರದೇಶಗಳಲ್ಲಿ ಟೆರಿ ಸಂಸ್ಥೆಯು ಮೈಕೊರೈಜಾ ಬಳಸಿ ಸಸ್ಯಗಳನ್ನು ಬೆಳೆಸಿರುವುದು ಇಲ್ಲಿ ಉಲ್ಲೇಖನೀಯ.

ಮಿತಿಗಳು

ಮೈಕೊರೈಜಾ ರೋಗಕ್ಕೆ ಔಷಧಿಯಲ್ಲ. ಉದಾಹರಣೆಗೆ, ಬೇವಿನ ರೆಂಬೆಗಳು ತುದಿಯಿಂದ ಒಣಗುವ ರೋಗಕ್ಕೆ 'ಫೋಮಾಪ್ಸಿಸ್ ಅಜಾಡಿರಾಕ್ಟೆ' ಎಂಬ ಶಿಲೀಂಧ್ರ ಕಾರಣವಾಗಿದ್ದು, 1997ರಲ್ಲಿ ಮೈಸೂರಿನ ಸಂಶೋಧಕರು ಇದನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ರೆಂಬೆಗೆ ತಗಲುವ ಈ ರೋಗವನ್ನು ಬೇರಿನ ಶಿಲೀಂಧ್ರವು ವಾಸಿ ಮಾಡದು. ಮರದ ಪೋಷಣೆ ಉತ್ತಮಗೊಂಡಲ್ಲಿ ಚೇತರಿಕೆಗೆ ನೆರವಾಗಬಹುದು. ಆದ್ದರಿಂದ ಮರ ಒಣಗಿದ ಮೇಲೆ ಬಳಸುವುದಕ್ಕಿಂತ ಸಸಿಯ ಹಂತದಲ್ಲಿಯೇ ಬಳಸುವುದು ಹೆಚ್ಚು ಪ್ರಯೋಜನಕಾರಿ.

ಗಮನಿಸಬೇಕಾದ ಅಂಶಗಳು

1. ನರ್ಸರಿಯಲ್ಲಿ ಬೀಜದ ಕೆಳಗೆ ಅಥವಾ ಎಳೆಯ ಬೇರಿಗೆ ತಗಲುವಂತೆ ಮೈಕೊರೈಜಾ ಗೊಬ್ಬರವನ್ನು ಹಾಕುವುದು.

2. ಪೊಟ್ಟಣದ ಮೇಲಿನ ಅವಧಿ ಮತ್ತು ಪ್ರಮಾಣವನ್ನು ಪರಿಶೀಲಿಸಿ, ಬಿಸಿಲು ತಾಗದಂತೆ ಸಂಗ್ರಹಿಸುವುದು.

3. ರಂಜಕಯುಕ್ತ ರಾಸಾಯನಿಕ ಗೊಬ್ಬರವನ್ನು ಮಿತಿಮೀರಿ ಹಾಕಬಾರದು. ಇದರಿಂದ ಬೇರಿನಲ್ಲಿ ಶಿಲೀಂಧ್ರದ ಬೆಳವಣಿಗೆ ಕುಂಠಿತವಾಗುತ್ತದೆ.

4. ಅನಗತ್ಯವಾಗಿ ಶಿಲೀಂಧ್ರನಾಶಕವನ್ನು ಮಣ್ಣಿಗೆ ಸುರಿಯಬಾರದು. ಅದು ಉಪಕಾರಿ ಶಿಲೀಂಧ್ರಗಳಿಗೂ ಹಾನಿ ಮಾಡಬಲ್ಲದು.

5. ಬೂದಿ ಮಿಶ್ರಿತ ನೆಲದಲ್ಲಿ ಗುಂಡಿಗೆ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಸೇರಿಸಿ ನೆಡುವುದು.

6. ನೆಟ್ಟ ನಂತರ ನೀರುಣಿಸುವುದು ಮತ್ತು ದನಕರುಗಳಿಂದ ರಕ್ಷಿಸುವುದು ಅತ್ಯವಶ್ಯ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಸಮೀಪದ ವಲಯ ಅರಣ್ಯ ಕಚೇರಿಯನ್ನು ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.