ಮಿತಪಾನವೋ ಪೂರ್ಣವರ್ಜನವೋ

ಮದ್ಯದ ವ್ಯಸನಕ್ಕೆ ಒಮ್ಮೆ ಒಳಗಾಗಿ, ಆರೋಗ್ಯವನ್ನೂ ಮನೆಮಂದಿಯ ನೆಮ್ಮದಿಯನ್ನೂ ಕಳೆದುಕೊಂಡು, ಹೇಗೋ ಚೇತರಿಸಿಕೊಂಡ ಮನುಷ್ಯನು ಉಳಿದ ಆಯುಷ್ಯದಲ್ಲಿ ಒಂದು ಹನಿಯನ್ನೂ ಮುಟ್ಟದಿರಬೇಕೆ, ಇಲ್ಲವೆ ಅಳತೆಯರಿತು ಕುಡಿದು ನಿಲ್ಲಿಸಬಲ್ಲವರ ಸಾಲಿಗೆ ಅವನು ಮರಳಬಲ್ಲನೆ ಎಂಬ ಪ್ರಶ್ನೆಯನ್ನು ವೈದ್ಯರೂ ಮನಶ್ಶಾಸ್ತ್ರಜ್ಞರೂ ಸಮಾಜಸುಧಾರಕರೂ ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ವೈದ್ಯಶಾಸ್ತ್ರದ ಪ್ರಶ್ನೆಗಳಲ್ಲಿ ಇಷ್ಟು ಕಾವಿನಿಂದ ವಾದಕ್ಕೆ ಗುರಿಯಾದವು ವಿರಳ. ಇಲ್ಲಿ ಉತ್ತರ ತಪ್ಪಿದರೆ ಅದರ ಬೆಲೆಯನ್ನು ತೆರುವವರು ಅದನ್ನು ನಂಬಿ ನಡೆದ ರೋಗಿಯೂ ಅವನ ಹೆಂಡತಿಮಕ್ಕಳೂ ಆದುದರಿಂದ ಆ ಕಾವು ಅಕಾರಣವಾದುದೂ ಅಲ್ಲ. ಆದರೆ ಈ ವಿವಾದದ ಇತಿಹಾಸವನ್ನು ಮೊದಲಿನಿಂದ ಅನುಸರಿಸಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ: ಮೂಲಪುರುಷರು ತಮ್ಮ ಸಿದ್ಧಾಂತಕ್ಕೆ ತಾವೇ ಹಾಕಿಕೊಂಡ ಮೇರೆಗಳನ್ನು ಅನುಯಾಯಿಗಳು ಮತ್ತೆ ಮತ್ತೆ ದಾಟಿ, ಕೆಲವರ ವಿಷಯದಲ್ಲಿ ನಿಜವಾದುದನ್ನು ಎಲ್ಲರ ವಿಷಯದಲ್ಲಿಯೂ ನಿಜವೆಂದು ಸಾರಿದರು.

ಅಮೆರಿಕದ ಸ್ವಾತಂತ್ರ್ಯಘೋಷಣೆಗೆ ಸಹಿಹಾಕಿದವರಲ್ಲಿ ಒಬ್ಬರಾದ ವೈದ್ಯ ಬೆಂಜಮಿನ್ ರಷ್ 1784ರಲ್ಲಿ ಭಟ್ಟಿಯಿಳಿಸಿದ ಮದ್ಯಗಳ ದುಷ್ಪರಿಣಾಮವನ್ನು ಕುರಿತು ಬರೆದು ಕುಡುಕತನವು ಒಂದು ರೋಗವೆಂಬ ಭಾವನೆಗೆ ತಳಹದಿ ಹಾಕಿದರು. ಆದರೆ ಬಿಯರನ್ನೂ ದ್ರಾಕ್ಷಾಮದ್ಯವನ್ನೂ ಅವರು ಮಿತವಾಗಿ ಸೇವಿಸಬಹುದಾದ ಪಾನೀಯಗಳೆಂದೇ ಎಣಿಸಿದ್ದರು. ಬ್ರಿಟಿಷ್ ನೌಕಾಪಡೆಯ ವೈದ್ಯ ಥಾಮಸ್ ಟ್ರಾಟರ್ 1804ರಲ್ಲಿ ಕುಡಿತದ ಅಭ್ಯಾಸವು ಮನಸ್ಸಿನ ರೋಗವೆಂದು ಪ್ರತಿಪಾದಿಸಿದರು. 1826ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪಿತವಾದ ಅಮೆರಿಕದ ಪಾನಸಂಯಮ ಸಂಘವು ಮೊದಲಿಗೆ ಭಟ್ಟಿಯ ಮದ್ಯಕ್ಕಷ್ಟೇ ವಿರೋಧವಾಗಿದ್ದು, ಮುಂದಿನ ದಶಕದಲ್ಲಿ ಆ ಚಳವಳಿಯೆಲ್ಲವೂ ಪೂರ್ಣವರ್ಜನದ ಪ್ರತಿಜ್ಞೆಯ ಕಡೆಗೆ ವಾಲಿತು. 1920ರಿಂದ 1933ರವರೆಗೆ ಆ ದೇಶವೆಲ್ಲ ಪಾನನಿರೋಧದ ಶಾಸನಕ್ಕೆ ಒಳಪಟ್ಟಿದ್ದುದು ಎಲ್ಲರೂ ಬಲ್ಲ ವಿಷಯ.

ಶಾಸನವು ರದ್ದಾದ ಎರಡು ವರ್ಷಗಳ ತರುವಾಯ, 1935ರಲ್ಲಿ, ಒಹಾಯೊ ಪ್ರಾಂತದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಎಂಬ ವ್ಯಾಪಾರಸ್ಥರೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರೂ ಪರಸ್ಪರರ ಕುಡಿತವನ್ನು ಬಿಡಿಸಲು ಹೊರಟು ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆಯು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಮದ್ಯದ ಮುಂದೆ ತಾನು ಅಶಕ್ತನೆಂದು ಒಪ್ಪಿಕೊಳ್ಳುವುದು, ಮೊದಲ ಗುಟುಕನ್ನೇ ತೆಗೆದುಕೊಳ್ಳದಿರುವುದು, ಒಂದೊಂದು ದಿನವನ್ನೂ ಆ ದಿನದ ಮಟ್ಟಿಗೆ ಗೆಲ್ಲುವುದು, ಗೆದ್ದವನು ಸೋಲುತ್ತಿರುವವನ ಪಕ್ಕದಲ್ಲಿ ಕೂತುಕೊಳ್ಳುವುದು, ಇವು ಅದರ ಮಾರ್ಗ. ಶುಲ್ಕವಿಲ್ಲದೆ, ಅಧಿಕಾರವಿಲ್ಲದೆ, ಹೆಸರಿನ ಹಂಬಲವಿಲ್ಲದೆ ನಡೆದ ಈ ಸಹಾಯವು ವೈದ್ಯರು ಕೈಬಿಟ್ಟ ಅಸಂಖ್ಯಾತ ಜನರನ್ನು ಉಳಿಸಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ 1939ರಲ್ಲಿ ಪ್ರಕಟವಾದ ಅದರ ಮೂಲಗ್ರಂಥವು ಕುಡಿಯುವವರೆಲ್ಲರ ಮೇಲೆಯೂ ತೀರ್ಪು ಕೊಡುವುದಿಲ್ಲ. ಹತೋಟಿಯನ್ನು ಪೂರ್ತಿಯಾಗಿ ಕಳೆದುಕೊಂಡವರ ಮಾತನ್ನು ಅದು ಹೇಳುತ್ತದೆ, ಮತ್ತು ತಾನು ಆ ಗುಂಪಿನವನೇ ಎಂದು ಸಂದೇಹಪಡುವ ಓದುಗನಿಗೆ ಅಳತೆಯಲ್ಲಿ ಕುಡಿದು ನಿಲ್ಲಿಸಿ ಪರೀಕ್ಷಿಸಿ ನೋಡೆಂದೇ ಸೂಚಿಸುತ್ತದೆ.

ಈ ಅನುಭವಕ್ಕೆ ಶಾಸ್ತ್ರದ ಉಡುಗೆಯನ್ನು ತೊಡಿಸಿದವರು ಇ. ಎಂ. ಜೆಲಿನೆಕ್. ಅವರು 1946ರಲ್ಲಿ ವ್ಯಸನದ ಹಂತಗಳನ್ನು ವಿವರಿಸಿದುದು ಅದೇ ಸಂಸ್ಥೆಯ ಸದಸ್ಯರು ತುಂಬಿ ಕಳುಹಿಸಿದ 98 ಪ್ರಶ್ನಾವಳಿಗಳ ಆಧಾರದ ಮೇಲೆ. ಎಂದರೆ ಕುಡಿತದಿಂದ ಸಂಪೂರ್ಣ ಹಾಳಾಗಿ, ಬಳಿಕ ಪೂರ್ಣವರ್ಜನದಿಂದ ಬದುಕಿಕೊಂಡವರ ಮಾತಿನ ಮೇಲೆ. 1960ರ ತಮ್ಮ ಗ್ರಂಥದಲ್ಲಿ ಅವರು ಮದ್ಯವ್ಯಸನವನ್ನು ಗ್ರೀಕ್ ಅಕ್ಷರಗಳ ಹೆಸರಿನಲ್ಲಿ ಐದು ವಿಧವಾಗಿ ವಿಂಗಡಿಸಿ, ಅವುಗಳಲ್ಲಿ ಕೆಲವನ್ನು ಮಾತ್ರ ನಿಜವಾದ ರೋಗವೆಂದು ಕರೆಯಬಹುದೆಂದು ಎಚ್ಚರಿಕೆಯಿಂದ ಬರೆದರು. ಆ ಎಚ್ಚರಿಕೆ ಗ್ರಂಥದಲ್ಲಿಯೇ ಉಳಿಯಿತು. ಒಂದು ಗುಟುಕು ಕುಡಿದೊಡನೆ ದೇಹದೊಳಗಣ ಯಾವುದೋ ಕ್ರಿಯೆಯಿಂದ ಹತೋಟಿಯು ತಪ್ಪಿಯೇ ತೀರುವುದೆಂಬ ನಂಬಿಕೆಯು ಚಿಕಿತ್ಸಾಲಯಗಳಲ್ಲಿ ಪ್ರಶ್ನಾತೀತವಾಗಿ ನೆಲೆಸಿತು.

ಇಂಥ ಹೊತ್ತಿನಲ್ಲಿ, 1962ರಲ್ಲಿ, ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಡಿ. ಎಲ್. ಡೇವೀಸ್ ಎಂಬ ಮನೋವೈದ್ಯರು ಒಂದು ಪುಟ್ಟ ಲೇಖನವನ್ನು ಪ್ರಕಟಿಸಿದರು. ಅವರು ಬಹುಕಾಲ ಅನುಸರಿಸಿ ನೋಡಿದ 93 ರೋಗಿಗಳಲ್ಲಿ ಏಳು ಮಂದಿ, ಏಳರಿಂದ ಹನ್ನೊಂದು ವರ್ಷಗಳ ಕಾಲ ಸಾಮಾನ್ಯ ಜನರಂತೆ ಮಿತವಾಗಿ ಕುಡಿದುಕೊಂಡು ಇದ್ದರೆಂಬುದು ಅದರ ಸಾರ. ವ್ಯಸನಿಗಳೆಲ್ಲರೂ ಕುಡಿಯಬಹುದೆಂದು ಡೇವೀಸ್ ಹೇಳಲಿಲ್ಲ. ಪೂರ್ಣವರ್ಜನವನ್ನು ಉಪದೇಶಿಸುವುದೇ ಯುಕ್ತವೆಂದೂ ಅವರ ಅಭಿಪ್ರಾಯವಾಗಿದ್ದಿತು. ಆದರೂ ಏಳು ಮಂದಿಯ ಆ ವೃತ್ತಾಂತವು ಎಬ್ಬಿಸಿದ ಕೋಲಾಹಲ ಇಷ್ಟಿಷ್ಟಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಗ್ರಿಫಿತ್ ಎಡ್ವರ್ಡ್ಸ್ ಎಂಬ ಮತ್ತೊಬ್ಬ ಮನೋವೈದ್ಯರು ಅದೇ ಏಳು ಮಂದಿಯ ಜಾಡನ್ನು ಹಿಡಿದು ಹೋಗಿ 1985ರಲ್ಲಿ ವರದಿಮಾಡಿದಂತೆ, ಅವರಲ್ಲಿ ಐವರು ಕುಡಿತದಿಂದ ಗಣನೀಯವಾದ ತೊಂದರೆಗೆ ಸಿಕ್ಕಿದ್ದರು. ತೊಂದರೆಯಿಲ್ಲದೆ ಕುಡಿದವರು ಇಬ್ಬರೇ, ಆ ಇಬ್ಬರಲ್ಲಿಯೂ ಒಬ್ಬನು ಮೊದಲಿನಿಂದಲೇ ಗಾಢವಾದ ವ್ಯಸನಿಯಾಗಿರಲಿಲ್ಲ. ಹೀಗೆ ವಿವಾದದ ಬೀಜವಾಗಿದ್ದ ಲೇಖನದ ಆಧಾರವೇ ಬಹುಮಟ್ಟಿಗೆ ಸಡಿಲಗೊಂಡಿತು. ಆದರೆ ಅಷ್ಟರಲ್ಲಿ ಬೇರೆ ಕಡೆಗಳಿಂದ ಸಾಕ್ಷ್ಯವು ಕೂಡಿಬಂದಿದ್ದಿತು.

ಆ ಸಾಕ್ಷ್ಯದಲ್ಲಿ ಮೊದಲನೆಯದು ಪ್ರಯೋಗಶಾಲೆಯದು. 1973ರಲ್ಲಿ ಅಮೆರಿಕದ ಅಲನ್ ಮಾರ್ಲಟ್ ಮತ್ತು ಸಂಗಡಿಗರು, ವೋಡ್ಕಾ ಬೆರೆಸಿದ ಟಾನಿಕ್ ನೀರನ್ನೂ ಬರಿಯ ಟಾನಿಕ್ ನೀರನ್ನೂ ವ್ಯಸನಿಗಳಿಗೆ ರುಚಿನೋಡಲು ಕೊಟ್ಟು, ಕೆಲವರಿಗೆ ಇದ್ದುದನ್ನು ಇದ್ದಂತೆಯೂ ಕೆಲವರಿಗೆ ತಿರುಗುಮುರುಗಾಗಿಯೂ ಹೇಳಿದರು. ಮದ್ಯವಿದೆಯೆಂದು ನಂಬಿದವರು, ಅದರಲ್ಲಿ ಮದ್ಯವಿರಲಿ ಇಲ್ಲದಿರಲಿ, ಹೆಚ್ಚು ಕುಡಿದರು. ಮದ್ಯವಿಲ್ಲವೆಂದು ನಂಬಿದವರು, ಅದು ನಿಜವಾಗಿ ಒಳಗೆ ಹೋಗುತ್ತಿದ್ದರೂ, ಕಡಿಮೆ ಕುಡಿದರು. ಮೊದಲ ಗುಟುಕಿನ ರಾಸಾಯನಿಕ ಶಕ್ತಿಗಿಂತ ಮನುಷ್ಯನ ನಿರೀಕ್ಷೆಯೇ ಬಲವತ್ತರವೆಂದು ಇದರಿಂದ ತೋರಿಬಂದಿತು. ಆದರೆ ಪ್ರಯೋಗಶಾಲೆಯ ಒಂದು ಗಳಿಗೆಯಿಂದ ಇಡೀ ಜೀವಮಾನವನ್ನು ಅಳೆಯಲಾಗದು. ನಾಲ್ಕು ಗೋಡೆಗಳ ನಡುವೆ ನಿಂತ ಕೈ ಸಂಜೆಯ ಬೀದಿಯಲ್ಲಿಯೂ ನಿಲ್ಲುವುದೆಂಬ ಭರವಸೆ ಏನು?

ಈ ಭರವಸೆಯನ್ನು ಪರೀಕ್ಷಿಸಲು ಹೊರಟವರು ಮಾರ್ಕ್ ಮತ್ತು ಲಿಂಡಾ ಸೊಬೆಲ್ ದಂಪತಿಗಳು. ಕ್ಯಾಲಿಫೋರ್ನಿಯದ ಪ್ಯಾಟನ್ ಸರಕಾರಿ ಆಸ್ಪತ್ರೆಯಲ್ಲಿ 1970ರ ಸುಮಾರಿಗೆ ಅವರು 70 ಮಂದಿ ಪುರುಷ ರೋಗಿಗಳನ್ನು ಆರಿಸಿಕೊಂಡರು. ಮಿತಪಾನಕ್ಕೆ ಅರ್ಹರೆಂದು ಕಂಡ 40 ಮಂದಿಯಲ್ಲಿ 20 ಮಂದಿಗೆ, ಆಸ್ಪತ್ರೆಯೊಳಗೇ ನಿರ್ಮಿಸಿದ ಮದ್ಯದಂಗಡಿಯಂಥ ಕೋಣೆಯಲ್ಲಿ, ನಿಧಾನವಾಗಿ ಕುಡಿಯುವುದನ್ನೂ ಅಳತೆಯಲ್ಲಿ ನಿಲ್ಲಿಸುವುದನ್ನೂ ಕಲಿಸಲಾಯಿತು. ಉಳಿದ 20 ಮಂದಿಗೆ ಪೂರ್ಣವರ್ಜನದ ಗುರಿಯುಳ್ಳ ವಾಡಿಕೆಯ ಚಿಕಿತ್ಸೆಯೇ ದೊರೆಯಿತು. ಮಿತಪಾನವನ್ನು ಕಲಿತವರ ಸ್ಥಿತಿಯೇ ಎರಡು ವರ್ಷಗಳ ಅನಂತರ ಮೇಲಾಗಿತ್ತೆಂದು ಸೊಬೆಲ್ ದಂಪತಿಗಳು ವರದಿಮಾಡಿದರು. 1982ರಲ್ಲಿ ಮೇರಿ ಪೆಂಡರಿ, ಇರ್ವಿಂಗ್ ಮಾಲ್ಟ್ಸ್‌ಮನ್ ಮತ್ತು ಜಾಲಿಯನ್ ವೆಸ್ಟ್ ಎಂಬವರು ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಖಂಡಿಸಿ, ಆ 20 ಮಂದಿಯಲ್ಲಿ ಬಹುತೇಕರು ಮತ್ತೆ ಕುಡಿತಕ್ಕೆ ಬಿದ್ದರೆಂದೂ, ಹತ್ತು ವರ್ಷಗಳಲ್ಲಿ ನಾಲ್ವರು ಸತ್ತರೆಂದೂ ತೋರಿಸಿದರು. ವಂಚನೆಯ ಆರೋಪವೂ ಕೇಳಿಬಂದಿತು. ಟೊರಾಂಟೋದಲ್ಲಿ ನ್ಯಾಯಶಾಸ್ತ್ರಜ್ಞ ಬರ್ನಾರ್ಡ್ ಡಿಕನ್ಸ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಚಾರಣಾ ಸಮಿತಿಯು ಸೊಬೆಲ್ ದಂಪತಿಗಳು ನಿರ್ದೋಷಿಗಳೆಂದು ತೀರ್ಮಾನಿಸಿತು.

ಈ ಪ್ರಕರಣದಲ್ಲಿ ನನ್ನನ್ನು ಬಹಳವಾಗಿ ಕಾಡುವ ಸಂಗತಿ ಬೇರೊಂದಿದೆ. ಖಂಡನಕಾರರು ಮಿತಪಾನದ ಗುಂಪಿನ ನಾಲ್ಕು ಸಾವುಗಳನ್ನು ಲೋಕಕ್ಕೆ ಸಾರಿದರು. ವರ್ಜನಚಿಕಿತ್ಸೆ ಪಡೆದ ಗುಂಪಿನ 20 ಮಂದಿ ಏನಾದರೆಂಬುದನ್ನು ತಮ್ಮ ಲೇಖನದಲ್ಲಿ ಹೇಳಲಿಲ್ಲ. ಆ ಗುಂಪಿನಲ್ಲಿ ಅದೇ ಅವಧಿಯಲ್ಲಿ ಸತ್ತವರು ಆರು ಮಂದಿಯೆಂದು ಸೊಬೆಲ್ ದಂಪತಿಗಳು 1984ರಲ್ಲಿ ಪ್ರಕಟಿಸಿದರು. ಆಸ್ಪತ್ರೆ ಸೇರುವಷ್ಟು ಮುಂದುವರಿದ ವ್ಯಸನಕ್ಕೆ ಯಾವ ಗುರಿಯನ್ನಿಟ್ಟುಕೊಂಡು ಚಿಕಿತ್ಸೆಮಾಡಿದರೂ ಫಲ ಎಷ್ಟು ಅಲ್ಪವಾಗಿದ್ದಿತೆಂಬುದೇ ಈ ಹತ್ತು ಸಾವುಗಳು ಹೇಳುವ ಮಾತು. ಪಕ್ಷಪ್ರತಿಪಕ್ಷಗಳ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡವರು ಕಡಮೆ.

ಇದರ ನಡುವೆ, 1976ರಲ್ಲಿ, ಎರಡು ಮುಖ್ಯ ಘಟನೆಗಳು ನಡೆದುವು. ಅಮೆರಿಕದ ರ‍್ಯಾಂಡ್ ಸಂಸ್ಥೆಯು ಸರಕಾರದ ನೆರವಿನ ಚಿಕಿತ್ಸಾಕೇಂದ್ರಗಳ ರೋಗಿಗಳನ್ನು ಪರಿಶೀಲಿಸಿ, ಸುಧಾರಿಸಿದವರಲ್ಲಿ ಒಂದು ಭಾಗದವರು ಕುಡಿಯುತ್ತಲೇ ಸುಧಾರಿಸಿದರೆಂದು ವರದಿ ಕೊಟ್ಟಾಗ ವಿರೋಧದ ಬಿರುಗಾಳಿಯೇ ಎದ್ದಿತು. ನಾಲ್ಕು ವರ್ಷಗಳ ಬಳಿಕ ನೋಡಿದಾಗಲೂ ಶೇಕಡಾ 28 ಮಂದಿ ವರ್ಜನದಲ್ಲಿಯೂ ಶೇಕಡಾ 18 ಮಂದಿ ತೊಂದರೆಯಿಲ್ಲದ ಪಾನದಲ್ಲಿಯೂ ಇದ್ದರು. ಎರಡನೆಯ ಘಟನೆ ಸದ್ದಿಲ್ಲದೆ ನಡೆದುದು, ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚಿನದು. ಎಡ್ವರ್ಡ್ಸ್ ಮತ್ತು ಮಿಲ್ಟನ್ ಗ್ರಾಸ್ ಇಬ್ಬರೂ ಮದ್ಯಾವಲಂಬನೆಯ ಲಕ್ಷಣಸಮೂಹವನ್ನು ವಿವರಿಸುತ್ತ, ಅದು ಇದೆ ಅಥವಾ ಇಲ್ಲ ಎನ್ನುವಂಥದಲ್ಲ, ಜ್ವರದಂತೆ ಏರಿಳಿತದ ಪ್ರಮಾಣವುಳ್ಳದ್ದು ಎಂದು ತೋರಿಸಿಕೊಟ್ಟರು. ವ್ಯಸನಿಗೆ ಮಿತಪಾನ ಸಾಧ್ಯವೆ ಎಂಬ ಪ್ರಶ್ನೆಯು ಅಂದಿನಿಂದ, ಎಷ್ಟರ ಮಟ್ಟಿನ ಅವಲಂಬನೆಯುಳ್ಳವನಿಗೆ ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿತು.

ಮುಂದಿನ ಸಂಶೋಧನೆಗಳೆಲ್ಲ ಬಹುಮಟ್ಟಿಗೆ ಈ ಸೂತ್ರವನ್ನೇ ಅನುಮೋದಿಸಿದುವು. ಬಾಸ್ಟನ್ನಿನ ಪುರುಷರ ಜೀವನಗಳನ್ನು ದಶಕಗಳ ಕಾಲ ಅನುಸರಿಸಿದ ಜಾರ್ಜ್ ವೆಯ್ಲಂಟ್, ಗಾಢ ವ್ಯಸನಿಗಳ ಮಿತಪಾನವು ಕಾಲಕ್ರಮದಲ್ಲಿ ಮರುಪತನಕ್ಕೋ ಪೂರ್ಣವರ್ಜನಕ್ಕೋ ತಿರುಗುವುದೇ ಹೆಚ್ಚೆಂದು ಕಂಡರು. ಮಿತಪಾನದ ಶಿಕ್ಷಣವನ್ನು ರೂಪಿಸಿದ ವಿಲಿಯಂ ಮಿಲ್ಲರ್ ತಮ್ಮ ಬಳಿಗೆ ಬಂದಿದ್ದ 99 ಮಂದಿಯನ್ನು ವರ್ಷಗಳ ಅನಂತರ ವಿಚಾರಿಸಿದಾಗ, ತೊಂದರೆಯಿಲ್ಲದೆ ಮಿತವಾಗಿ ಕುಡಿಯುತ್ತಿದ್ದವರು 14 ಮಂದಿ, ಪೂರ್ತಿಯಾಗಿ ಬಿಟ್ಟಿದ್ದವರು 23 ಮಂದಿ. ಮಿತಪಾನವನ್ನು ಕಲಿಯಬಂದವರಲ್ಲಿ ಅದರಲ್ಲಿ ನೆಲೆನಿಂತವರಿಗಿಂತ ಕೊನೆಗೆ ವರ್ಜನವನ್ನು ಆರಿಸಿಕೊಂಡವರೇ ಹೆಚ್ಚೆಂಬ ಈ ಫಲಿತಾಂಶವನ್ನು ತಮ್ಮ ಪದ್ಧತಿಗೆ ಪ್ರತಿಕೂಲವೆಂದು ಮರೆಮಾಡದೆ ಪ್ರಕಟಿಸಿದ ಮಿಲ್ಲರ್ ಅವರ ಪ್ರಾಮಾಣಿಕತೆ ಸ್ತುತ್ಯರ್ಹವಾದುದು. ತನ್ನ ಕೈಯಿಂದಲೇ ಪ್ರಯತ್ನಿಸಿ ಸೋತವನಿಗೆ ವರ್ಜನವು ಹೊರಗಿನವರ ಆಜ್ಞೆಯಾಗಿ ಉಳಿಯದೆ ಸ್ವಂತ ನಿರ್ಣಯವಾಗುತ್ತದೆ.

ಚಿಕಿತ್ಸಾಲಯದ ಬಾಗಿಲನ್ನೇ ಕಾಣದವರನ್ನೂ ಒಳಗೊಂಡ ಚಿತ್ರವು ಅಮೆರಿಕದಲ್ಲಿ 2001–02ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಿಂದ ದೊರೆಯಿತು. ಹಿಂದೆ ಮದ್ಯಾವಲಂಬಿಗಳಾಗಿದ್ದವರಲ್ಲಿ ಆಗ ಪೂರ್ಣವರ್ಜನದಲ್ಲಿದ್ದವರು ಶೇಕಡಾ 18.2, ಅಪಾಯ ಕಡಿಮೆಯಾದ ಮಿತಪಾನದಲ್ಲಿದ್ದವರು ಶೇಕಡಾ 17.7. ಹೆಚ್ಚುಕಡಿಮೆ ಸಮಸಮ. ಇಷ್ಟನ್ನೇ ಓದಿ ಪುಸ್ತಕವನ್ನು ಮುಚ್ಚುವವರು ಮೋಸಹೋಗುವರು. ಮೂರು ವರ್ಷಗಳ ಮೇಲೆ ಅವರನ್ನೇ ಮತ್ತೆ ವಿಚಾರಿಸಿದಾಗ, ರೋಗಲಕ್ಷಣಗಳು ಮರುಕಳಿಸಿದುದು ವರ್ಜನದಲ್ಲಿದ್ದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ, ಮಿತಪಾನಿಗಳಲ್ಲಿ ಶೇಕಡಾ 27.2ರಷ್ಟು ಮಂದಿಗೆ, ಅಳತೆ ಮೀರಿ ಕುಡಿಯುತ್ತಿದ್ದರೂ ಆಗ ಲಕ್ಷಣಗಳಿಲ್ಲದೆ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ. ಮಿತಪಾನವು ಸಾಧ್ಯವೆಂಬುದನ್ನೂ, ಅದು ವರ್ಜನದಷ್ಟು ಭದ್ರವಲ್ಲವೆಂಬುದನ್ನೂ ಒಂದೇ ಸಮೀಕ್ಷೆ ಹೀಗೆ ಸ್ಥಾಪಿಸಿತು.

ಮಿತಪಾನಿಗಳ ಪರಸ್ಪರ ಸಹಾಯಕ್ಕೆಂದು 1994ರಲ್ಲಿ ‘ಮಾಡರೇಷನ್ ಮ್ಯಾನೇಜ್‌ಮೆಂಟ್’ ಸಂಘವನ್ನು ಕಟ್ಟಿದ ಆಡ್ರಿ ಕಿಶ್ಲೈನ್ ಅವರ ಕಥೆ ದಾರುಣವಾದುದು. 2000ದ ಆದಿಯಲ್ಲಿ ಅವರು ತಮ್ಮ ಸಂಘವನ್ನು ಬಿಟ್ಟು ವರ್ಜನದ ಸಂಸ್ಥೆಯನ್ನು ಸೇರಿದರು. ಎರಡು ತಿಂಗಳಲ್ಲಿಯೇ ವಿಪರೀತ ಕುಡಿದು ವಾಹನ ನಡೆಸಿ ಒಬ್ಬ ತಂದೆಯ ಮತ್ತು ಅವನ ಹನ್ನೆರಡು ವರ್ಷದ ಮಗಳ ಸಾವಿಗೆ ಕಾರಣರಾದರು. ಎರಡು ಪಕ್ಷದವರೂ ಈ ದುರಂತವನ್ನು ತಮ್ಮ ವಾದಕ್ಕೆ ಬಳಸಿಕೊಳ್ಳಲು ನೋಡಿದುದು ಅತ್ಯಂತ ಖೇದಕರ. ಎರಡು ಜೀವಗಳ ನಾಶವು ಯಾರ ಸಿದ್ಧಾಂತಕ್ಕೂ ಪ್ರಮಾಣವಾಗಲಾರದು.

ಇತರ ಮಾದಕಗಳ ಕ್ಷೇತ್ರದಲ್ಲಿ ದಾರಿ ಬೇರೆಯಾಗಿ ಸಾಗಿತು. 1965ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಡೋಲ್ ಮತ್ತು ನಿಸ್ವಾಂಡರ್ ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ ಔಷಧಿಯನ್ನು ದಿನವೂ ಕೊಟ್ಟು ಅವರನ್ನು ಸಂಸಾರಕ್ಕೂ ದುಡಿಮೆಗೂ ಮರಳಿಸಿದರು. 1980ರ ದಶಕದಲ್ಲಿ ಏಡ್ಸ್ ರೋಗವು ಸೂಜಿಗಳ ಮೂಲಕ ಹರಡತೊಡಗಿದಾಗ, ಬಿಡಿಸುವುದಕ್ಕಿಂತ ಮೊದಲು ಬದುಕಿಸುವುದು ಮುಖ್ಯವೆಂಬ ಹಾನಿನಿವಾರಣೆಯ ತತ್ತ್ವವು ಯೂರೋಪಿನಲ್ಲಿ ಬೇರೂರಿತು. ಮದ್ಯದ ಚಿಕಿತ್ಸೆಗೂ ಔಷಧಿಗಳು ಬಂದುವು. ನಾಲ್‌ಟ್ರೆಕ್ಸೋನಿಗೆ ಅಮೆರಿಕವು 1994ರಲ್ಲಿ ಮಾನ್ಯತೆ ಕೊಟ್ಟಿತು; 2013ರಲ್ಲಿ ಯೂರೋಪು ನಾಲ್ಮೆಫಿನಿಗೆ ಕೊಟ್ಟ ಮಾನ್ಯತೆಯು ಕುಡಿತವನ್ನು ತಗ್ಗಿಸುವುದಕ್ಕೆಂದೇ ಕೊಟ್ಟುದಾಗಿತ್ತು. 2022ರಲ್ಲಿ ಅಮೆರಿಕದ ಮದ್ಯಸಂಶೋಧನೆಯ ರಾಷ್ಟ್ರೀಯ ಸಂಸ್ಥೆಯು ಚೇತರಿಕೆಗೆ ಕೊಟ್ಟ ವಿವರಣೆಯಲ್ಲಿ ರೋಗಲಕ್ಷಣಗಳ ಶಮನವೂ ಅತಿಪಾನದ ನಿಲುಗಡೆಯೂ ಸೇರಿವೆ. ಪೂರ್ಣವರ್ಜನವನ್ನು ಅದು ಕಡ್ಡಾಯಮಾಡಿಲ್ಲ.

ನಮ್ಮ ದೇಶದ ಸ್ಥಿತಿಯಲ್ಲಿ ವರ್ಜನದ ಪಕ್ಷವೇ ಸಹಜವಾಗಿ ಪ್ರಬಲ. ಸಂವಿಧಾನದ 47ನೆಯ ಅನುಚ್ಛೇದವು ಪಾನನಿರೋಧವನ್ನು ರಾಜ್ಯದ ಗುರಿಯಾಗಿ ಹೇಳುತ್ತದೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ನಡೆಸುತ್ತ ಬಂದಿರುವ ಮದ್ಯವರ್ಜನ ಶಿಬಿರಗಳಲ್ಲಿ, ಊರವರ ಸಮಕ್ಷಮದಲ್ಲಿ ಕುಡಿತವನ್ನು ಬಿಟ್ಟವನಿಗೆ ಮುಂದೆ ನವಜೀವನ ಸಮಿತಿಗಳ ಒಡನಾಟ ದೊರೆಯುತ್ತದೆ. ಕಳೆದುಕೊಂಡ ಮರ್ಯಾದೆಯನ್ನು ಊರೇ ಹಿಂದಿರುಗಿಸುವ ಈ ಏರ್ಪಾಡಿನ ಬೆಲೆಯನ್ನು ಲಘುವಾಗಿ ಕಾಣಲಾಗದು. ಗೋವೆಯ ಸರಕಾರಿ ಆರೋಗ್ಯಕೇಂದ್ರಗಳಲ್ಲಿ, ಹಾನಿಕರವಾಗಿ ಕುಡಿಯುತ್ತಿದ್ದ 377 ಮಂದಿ ಪುರುಷರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೂ ಗಮನಾರ್ಹ. ವೈದ್ಯರಲ್ಲದ ಸಲಹೆಗಾರರು ಕೆಲವೇ ಭೇಟಿಗಳಲ್ಲಿ ಮಾತನಾಡಿಸಿದವರಲ್ಲಿ, ಮೂರು ತಿಂಗಳ ಬಳಿಕ ಶೇಕಡಾ 36 ಮಂದಿಯ ಕುಡಿತವು ಅಪಾಯದ ಮಟ್ಟಕ್ಕಿಂತ ಕೆಳಗಿಳಿದಿತ್ತು, ಇತರರಲ್ಲಿ ಶೇಕಡಾ 26. ಹಿಂದಿನ ಹದಿನಾಲ್ಕು ದಿನಗಳಲ್ಲಿ ಏನೂ ಕುಡಿಯದವರು ಶೇಕಡಾ 42, ಇತರರಲ್ಲಿ ಶೇಕಡಾ 18. ಕುಡಿಯದವರೇ ಬಹುಸಂಖ್ಯಾತರಾದ ಸಮಾಜದಲ್ಲಿ, ಕುಡಿತವನ್ನು ಬಿಡುವುದು ಅಳೆದು ಕುಡಿಯುವುದಕ್ಕಿಂತ ಸುಲಭವಾಗಿರಬಹುದೆಂದು ನನಗೆ ತೋರುತ್ತದೆ.

ಆದರೂ 2019ರ ರಾಷ್ಟ್ರೀಯ ವರದಿಯಂತೆ ನಮ್ಮಲ್ಲಿ ಮದ್ಯದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 5.7 ಕೋಟಿ, ಮದ್ಯಾವಲಂಬಿಗಳಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ‘ಮೊದಲು ಪೂರ್ತಿ ಬಿಡುತ್ತೇನೆಂದು ಆಣೆಮಾಡು, ಆಮೇಲೆ ಬಾ’ ಎಂದು ಬಾಗಿಲಲ್ಲಿ ತಡೆಯುವುದು ಇಂಥ ದೇಶದಲ್ಲಿ ಅನ್ಯಾಯ. ಕುಡಿತವು ಇನ್ನೂ ಅವಲಂಬನೆಯ ಮಟ್ಟಕ್ಕೆ ಏರದವನು ಕಡಿಮೆಮಾಡಲು ನೆರವು ಕೇಳಿದರೆ ಅದನ್ನು ಕೊಡತಕ್ಕದ್ದು. ಯಾವ ಅಳತೆಯೂ ಪೂರ್ಣ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದುದನ್ನು ಮಾತ್ರ ಅವನಿಂದ ಮುಚ್ಚಿಡತಕ್ಕದ್ದಲ್ಲ. ಆದರೆ ಬೆಳಗ್ಗೆ ಎದ್ದೊಡನೆ ಕೈ ನಡುಗುವ, ಕುಡಿದ ಮೇಲೆಯೇ ಆ ನಡುಕ ನಿಲ್ಲುವ, ಯಕೃತ್ತು ಕೆಟ್ಟಿರುವ ಮನುಷ್ಯನಿಗೆ ಮಿತಪಾನದ ಮಾತು ಸಲ್ಲದು, ಅವನ ಗುರಿ ಪೂರ್ಣವರ್ಜನವೇ. ಅಂಥವನ ಮನೆಯವರಲ್ಲಿ ನನ್ನ ವಿನಂತಿ ಇಷ್ಟು: ಅವನನ್ನು ಕೋಣೆಯಲ್ಲಿ ಕೂಡಿಹಾಕಿ ಒಂದೇ ದಿನದಲ್ಲಿ ಬಿಡಿಸಲು ಹೋಗಬೇಡಿರಿ. ಗಾಢವಾದ ಕುಡಿತವು ಥಟ್ಟನೆ ನಿಂತಾಗ ಕೆಲವು ದಿನಗಳೊಳಗೆ ಸೆಳವೂ ಸನ್ನಿಯೂ ಬಂದು ಪ್ರಾಣಕ್ಕೇ ಅಪಾಯವಾಗುವ ಸಂಭವವುಂಟು; ಆದುದರಿಂದ ಮೊದಲು ಆಸ್ಪತ್ರೆಗೆ ಕರೆದೊಯ್ದು, ವೈದ್ಯರ ಕಣ್ಣೆದುರಿನಲ್ಲಿ, ಔಷಧಿಯ ಆಸರೆಯೊಡನೆ ಬಿಡಿಸಿರಿ.