ದಿನಸಿ ಲೆಕ್ಕದಲ್ಲಿ ರೂಪಾಯಿ ಮತ್ತು ತೂಕ: ಒಂದು ಟಿಪ್ಪಣಿ

ಬೆಲೆ ಏರಿದಾಗ ಮನೆಖರ್ಚು ನಿಭಾಯಿಸುವ ಬಗ್ಗೆ ಕೇಳಿಬರುವ ಸಲಹೆಗಳು ಬಹುಮಟ್ಟಿಗೆ ರೂಪಾಯಿಯ ಸುತ್ತಲೇ ತಿರುಗುತ್ತವೆ: ತಿಂಗಳಿಗೆ ಇಂತಿಷ್ಟು ಎಂದು ಎತ್ತಿಡಿ, ಅದನ್ನು ಮೀರಬೇಡಿ. ಈ ಟಿಪ್ಪಣಿಯ ವಾದ ಬೇರೆ. ರೂಪಾಯಿಯನ್ನಷ್ಟೇ ಬರೆದಿಡುವ ಮನೆಗೆ ತನ್ನ ಊಟದಲ್ಲಿ ಏನು ಕಡಿಮೆಯಾಯಿತು ಎಂಬುದು ಗೊತ್ತಾಗುವುದಿಲ್ಲ. ತಿಂಗಳ ಮೊತ್ತ ಹಿಂದಿನಷ್ಟೇ ಇದ್ದು, ತೊಗರಿಬೇಳೆ ಮೂರು ಕಿಲೋದಿಂದ ಎರಡಕ್ಕೆ ಇಳಿದಿದ್ದರೆ ಆ ಮನೆ ಬೆಲೆಯೇರಿಕೆಯನ್ನು ಗೆದ್ದಿಲ್ಲ, ಊಟದಲ್ಲಿ ದಂಡ ತೆತ್ತಿದೆ.

2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಭಾರತದ ಹಳ್ಳಿಗಳಲ್ಲಿ ಕುಟುಂಬದ ಖರ್ಚಿನ ಶೇ. 47.04, ನಗರಗಳಲ್ಲಿ ಶೇ. 39.68 ಆಹಾರಕ್ಕೇ ಹೋಗುತ್ತದೆ. ಇದರಲ್ಲಿ ಪಾನೀಯ ಮತ್ತು ಸಿದ್ಧ ತಿಂಡಿಗಳೂ ಸೇರಿವೆ. ಬಾಡಿಗೆ, ಶಾಲೆಯ ಶುಲ್ಕ, ಸಾಲದ ಕಂತು ಇವನ್ನು ತಿಂಗಳ ನಡುವೆ ಕಡಿಮೆ ಮಾಡಲು ಬರುವುದಿಲ್ಲ. ಹೀಗಾಗಿ ಕೈ ಬಿಗಿಹಿಡಿಯಬೇಕಾದಾಗ ಮೊದಲು ಕತ್ತರಿ ಬೀಳುವುದು ಅಡುಗೆಮನೆಗೆ.

ಸುದ್ದಿಯಲ್ಲಿ ಬರುವ ಆಹಾರ ಹಣದುಬ್ಬರದ ಅಂಕಿಗೂ ಮನೆಯವರ ಅನುಭವಕ್ಕೂ ತಾಳೆಯಾಗದಿರಲು ಎರಡು ಕಾರಣಗಳಿವೆ. 2024ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಬೆಲೆ ಸೂಚ್ಯಂಕ ಹಿಂದಿನ ವರ್ಷಕ್ಕಿಂತ ಶೇ. 10.87 ಮೇಲಿತ್ತು. 2025ರ ಅಕ್ಟೋಬರ್‌ನಲ್ಲಿ ಅದು ಶೇ. 5.02 ಇಳಿಯಿತು. ಕೂಡಿ ಕಳೆದು ನೋಡಿ: 2023ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನು ಒಂದು ವರ್ಷದಲ್ಲಿ ಸುಮಾರು 110.90 ಆಗಿ, ಇಳಿದ ಮೇಲೂ 105.30ರಲ್ಲಿ ನಿಂತಿತು. ಬೆಲೆ ಇಳಿದಿದೆ ಎಂಬ ಸುದ್ದಿಯೂ ನಿಜ, ಎರಡು ವರ್ಷದ ಹಿಂದಿನ ಬೆಲೆ ಮರಳಲಿಲ್ಲ ಎಂಬ ಗೃಹಿಣಿಯ ಮಾತೂ ನಿಜ. ಎರಡನೆಯ ಕಾರಣ, ಸರಾಸರಿಯ ಒಳಗೆ ಒಂದೊಂದು ಪದಾರ್ಥದ ದಾರಿ ಒಂದೊಂದು. ಆ ಇಳಿಕೆ ಮುಖ್ಯವಾಗಿ ತರಕಾರಿ, ಬೇಳೆಕಾಳುಗಳದ್ದು. ಅಡುಗೆ ಎಣ್ಣೆ ಏರುತ್ತಲೇ ಇತ್ತು. ನಮ್ಮ ದೇಶ ತನಗೆ ಬೇಕಾದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೇಲಿನ ಒಟ್ಟು ಆಮದು ಸುಂಕ ಶೇ. 5.5ರಿಂದ 27.5ಕ್ಕೆ ಏರಿತು. 2025ರ ಮೇ ಕೊನೆಯಲ್ಲಿ ಒಂದಿಷ್ಟು ಇಳಿಸಿದರೂ ಹಳೆಯ ಮಟ್ಟಕ್ಕೆ ಬರಲಿಲ್ಲ. ತೆಂಗಿನದೂ ಇದೇ ಕಥೆ. ತಿಪಟೂರಿನಲ್ಲಿ ಕೊಬ್ಬರಿ 2025ರಲ್ಲಿ ಕ್ವಿಂಟಲಿಗೆ 20 ಸಾವಿರ ರೂಪಾಯಿ ದಾಟಿದಾಗ ಬೆಳೆಗಾರನಿಗೆ ನೆಮ್ಮದಿಯಾಯಿತು. ದಿನವೂ ಕಾಯಿ ತುರಿಯುವ ಹಳೇ ಮೈಸೂರು, ಕರಾವಳಿಯ ಅಡುಗೆಮನೆಗಳಿಗೆ ಅದು ಭಾರವಾಯಿತು. ಒಂದೇ ಬೆಲೆಗೆ ಎರಡು ಮುಖಗಳಿವೆ ಎಂಬುದನ್ನು ಬೆಲೆಯೇರಿಕೆಯ ಚರ್ಚೆಯಲ್ಲಿ ಮರೆಯಬಾರದು.

ತೂಕದ ಲೆಕ್ಕ ಏಕೆ ಬೇಕು ಎಂಬುದಕ್ಕೆ ಹಾಲಿನ ಪಾಕೆಟ್ಟಿಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. 2024ರ ಜೂನ್‌ನಲ್ಲಿ ನಂದಿನಿ ನೀಲಿ ಪಾಕೆಟ್ಟು 42ರಿಂದ 44 ರೂಪಾಯಿಗೆ ಏರಿತು, ಜೊತೆಗೆ ಹಾಲು 1,000ದಿಂದ 1,050 ಮಿಲಿಲೀಟರ್‌ಗೆ ಹೆಚ್ಚಿತು. ಲೀಟರಿನ ಲೆಕ್ಕ ಹಾಕಿದರೆ 41.90 ರೂಪಾಯಿ, ಅಂದರೆ ದರ ಏರಿರಲೇ ಇಲ್ಲ. ಹೆಚ್ಚುವರಿ ಹಾಲು ಬೇಡವೆನ್ನಲು ಆಯ್ಕೆ ಇಲ್ಲದ್ದರಿಂದ ದಿನದ ಖರ್ಚು ಮಾತ್ರ ಎರಡು ರೂಪಾಯಿ ಏರಿತ್ತು. 2025ರ ಏಪ್ರಿಲ್‌ನಲ್ಲಿ ಪಾಕೆಟ್ಟು 46 ರೂಪಾಯಿ ಆಯಿತು, ಹಾಲು ಮತ್ತೆ 1,000 ಮಿಲಿಲೀಟರ್‌ಗೆ ಇಳಿಯಿತು. ಕೈಯಿಂದ ಹೋದದ್ದು ಎರಡೇ ರೂಪಾಯಿ ಹೆಚ್ಚು, ಲೀಟರಿಗೆ ಏರಿದ್ದು ನಾಲ್ಕು. ರೂಪಾಯಿಯನ್ನಷ್ಟೇ ಬರೆದಿಟ್ಟವರಿಗೆ ಎರಡೂ ಸಲ ಒಂದೇ ಬಗೆಯ ಏರಿಕೆಯಾಗಿ ಕಾಣುತ್ತದೆ.

ಎಣ್ಣೆಯಲ್ಲೂ ಹೀಗೆಯೇ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ ಅದೇ ಗಾತ್ರದ್ದೆಂದು ಕಾಣುವ ಪಾಕೆಟ್ಟಿನಲ್ಲಿ 850 ಅಥವಾ 800 ಗ್ರಾಂ ಇರಬಹುದು. ಇಷ್ಟೇ ತೂಕದಲ್ಲಿ ಮಾರಬೇಕೆಂಬ ಹಳೆಯ ಕಟ್ಟುಪಾಡನ್ನು ಪೊಟ್ಟಣ ಸರಕುಗಳ ನಿಯಮಗಳ 2021ರ ತಿದ್ದುಪಡಿ ತೆಗೆದುಹಾಕಿತು, ಬದಲಿಗೆ ಪಾಕೆಟ್ಟಿನ ಮೇಲೆ ಘಟಕ ದರ ಅಚ್ಚುಹಾಕುವುದನ್ನು ಕಡ್ಡಾಯ ಮಾಡಿತು. ಒಂದು ಕಿಲೋಗಿಂತ ಕಡಿಮೆ ಇರುವ ಪೊಟ್ಟಣದಲ್ಲಿ ಆ ದರ ಗ್ರಾಮಿನ ಲೆಕ್ಕದಲ್ಲಿ ಇರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಸಾವಿರದಿಂದ ಗುಣಿಸಿದರೆ ಕಿಲೋ ದರ ಸಿಗುತ್ತದೆ.

ಅಕ್ಕಿ ಮೂಟೆಗೂ ಒಂದು ಸೂಕ್ಷ್ಮವಿದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಇರುವ ಅಕ್ಕಿ ಬೇಳೆಯ ಪೊಟ್ಟಣಕ್ಕೆ ಶೇ. 5 ಜಿಎಸ್‌ಟಿ ಬಂತು. ಅದರ ಬೆನ್ನಲ್ಲೇ ಅಂಗಡಿಗಳಲ್ಲಿ 26 ಕಿಲೋ ಮೂಟೆ ಕಾಣಿಸಿಕೊಂಡಿತು. 25ರ ಮತ್ತು 26ರ ಮೂಟೆಗಳನ್ನು ಬೆಲೆಯಿಂದ ಹೋಲಿಸದೆ ಕಿಲೋ ದರದಿಂದಲೇ ಹೋಲಿಸಬೇಕು. ಮೂಟೆಯಿಂದ ಬಿಡಿಯಾಗಿ ತೂಗಿ ಕೊಡುವ ಅಕ್ಕಿಗೆ ಈ ತೆರಿಗೆ ಇಲ್ಲ.

ಇನ್ನು ಕಡಿತದ ಪ್ರಶ್ನೆ. ರಾಷ್ಟ್ರೀಯ ಪೋಷಣೆ ಸಂಸ್ಥೆಯ 2024ರ ಮಾರ್ಗಸೂಚಿ ಒಬ್ಬ ವಯಸ್ಕರಿಗೆ ದಿನಕ್ಕೆ ಸುಮಾರು 85 ಗ್ರಾಂ ಬೇಳೆಕಾಳು ಬೇಕೆನ್ನುತ್ತದೆ. ನಾಲ್ವರು ವಯಸ್ಕರಿರುವ ಸಸ್ಯಾಹಾರಿ ಮನೆಗೆ ತಿಂಗಳಿಗೆ ಇದು ಹತ್ತು ಕಿಲೋ ಆಗುತ್ತದೆ. ನಮ್ಮ ದಿನಸಿ ಚೀಟಿಗಳಲ್ಲಿ ಈ ಅಂಕಿ ಅಪರೂಪ. ಬೆಲೆ ಏರಿದಾಗ ಇದ್ದದ್ದರಲ್ಲೇ ಇನ್ನಷ್ಟು ಇಳಿಯುತ್ತದೆ, ಏಕೆಂದರೆ ಸಾರನ್ನು ತೆಳ್ಳಗೆ ಮಾಡುವುದು ಸುಲಭ, ಅದನ್ನು ಯಾರೂ ಕಡಿತವೆಂದು ಎಣಿಸುವುದಿಲ್ಲ. ಇಲ್ಲಿ ಮಾಡಬೇಕಾದ್ದು ಬೇಳೆಯನ್ನು ಬದಲಿಸುವುದು, ತೂಕ ಇಳಿಸುವುದಲ್ಲ. ತೊಗರಿಬೇಳೆ, ಹುರುಳಿ, ಕಡಲೆಬೇಳೆ ಮೂರರಲ್ಲೂ ನೂರು ಗ್ರಾಮಿಗೆ ಸುಮಾರು 21-22 ಗ್ರಾಂ ಪ್ರೋಟೀನು ಇದೆ. ತೊಗರಿ ತುಟ್ಟಿಯಾದ ತಿಂಗಳು ವಾರದಲ್ಲಿ ಎರಡು ದಿನ ಹುರುಳಿ ಬಸ್ಸಾರು, ಒಂದು ದಿನ ಕಡಲೆಹಿಟ್ಟಿನ ಜುಣಕ ಮಾಡಿದರೆ ಪೋಷಣೆ ಕುಂದುವುದಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ಹುಣಸೆಹಣ್ಣು ಹುಳಿಯ ಕೊರತೆ ತುಂಬಿತು. ಅಂಥ ಬದಲಿಯಿಂದ ಹೆಚ್ಚೇನೂ ನಷ್ಟವಿಲ್ಲ. ಮಕ್ಕಳ ಹಾಲು, ಬೇಳೆ, ಸೊಪ್ಪುಗಳ ಮಾತು ಹಾಗಲ್ಲ.

ರೂಪಾಯಿ ಸ್ಥಿರವಾಗಿದ್ದರೆ ತೂಕ ಸ್ಥಿರವಾಗಿರುವುದಿಲ್ಲ ಎಂಬುದಕ್ಕೆ ಕರ್ನಾಟಕದ ಅನ್ನಭಾಗ್ಯ ಯೋಜನೆಯೇ ಸಾಕ್ಷಿ. 2023ರ ಜುಲೈನಿಂದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಖಾತೆಗೆ ಬರುತ್ತಿತ್ತು. ಆ ಹಣಕ್ಕೆ ಐದು ಕಿಲೋ ಸೋನಾಮಸೂರಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. 2025ರ ಆರಂಭದಲ್ಲಿ ಸರ್ಕಾರ ಮತ್ತೆ ಅಕ್ಕಿಯನ್ನೇ ಕೊಡತೊಡಗಿತು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ದಿನಸಿ ಚೀಟಿಯನ್ನು ಎಸೆಯಬೇಡಿ. ಪ್ರತಿ ಸಾಮಾನಿನ ಮುಂದೆ ತೂಕ ಮತ್ತು ಕಿಲೋ ದರ ಬರೆದು, ಹೋದ ವರ್ಷದ ಅದೇ ತಿಂಗಳ ಚೀಟಿಯ ಜೊತೆಗೆ ಇಟ್ಟು ನೋಡಿ. ಅವರೆಕಾಯಿಯ ಕಾಲ, ಹಬ್ಬದ ತಿಂಗಳು ಇವು ಲೆಕ್ಕ ಕೆಡಿಸುವುದರಿಂದ ಅದೇ ತಿಂಗಳೇ ಆಗಬೇಕು. ಬೇಳೆ, ಹಾಲು, ಸೊಪ್ಪು, ಮೊಟ್ಟೆಗಳ ತೂಕ ಇಳಿದಿದ್ದರೆ ಮೊದಲು ಅದನ್ನು ಸರಿಪಡಿಸಿ, ಉಳಿತಾಯವನ್ನು ಬೇರೆ ಕಡೆ ಹುಡುಕಿ.